ಸೋತ ದಿನ ಬಿಚ್ಚಿದ ಜಯದ ಚೆಂಡು

ಅಮೆರಿಕದ ಚುನಾವಣೆಗೆ ನಿಂತಿದ್ದ ಡೆಲಾನಿ ಎಂಬಾತ ಯಾವುದೋ ಭಾಷಣದಲ್ಲಿ ಹೇಳಿದನಂತೆ: ಹರೆಯದಲ್ಲಿ ಹಡಗಿನ ಕೆಲಸಕ್ಕಿದ್ದಾಗ ಜಪಾನಿನ ಒಂದು ಪುಟ್ಟ ಬಂದರಿನಲ್ಲಿ ಸುಟ್ಟ ಬಂಗುಡೆ ತಿಂದಿದ್ದೆ, ಆ ರುಚಿ ಇನ್ನೂ ನಾಲಿಗೆಯ ಮೇಲಿದೆ, ಊರಿನ ಹೆಸರು ಮಾತ್ರ ಮರೆತಿದೆ. ಜಪಾನಿನ ಕಡಲತಡಿಯ ತೊಮಿಹಾಮ ಎಂಬ ಪುಟ್ಟ ಊರಿಗೆ ಅಷ್ಟು ಸಾಕಾಯಿತು.

"ಹೆಸರು ಮರೆತುಹೋಗೋ ಅಂಥ ಊರು ನಮ್ಮದಲ್ದೆ ಇನ್ಯಾವ್ದಿರುತ್ತೆ?" ಎಂದು ಮೊದಲು ಹೇಳಿದವಳು ಮೀನು ಸುಡುವ ಅಂಗಡಿಯ ಫುಸಾ. ಊರಿಡೀ ನಕ್ಕಿತು, ಆಮೇಲೆ ಊರಿಡೀ ನಂಬಿತು. ಆ ಚುನಾವಣೆಯಲ್ಲಿ ಒಂದು ಓಟೂ ಇಲ್ಲದವರು ಡೆಲಾನಿಯ ಬೆಂಬಲಿಗರ ಸಂಘ ಕಟ್ಟಿದರು. ಕ್ಷೌರದಂಗಡಿಯ ಹಿರಾನುಮ ಅಧ್ಯಕ್ಷನಾದ. ಡೆಲಾನಿಯ ಮುಖದ ಅಚ್ಚೊತ್ತಿದ ಸಿಹಿ ಬನ್ನು ಬಂತು, ಮೊಣಕಾಲು ನೋವಿನ ಹೆಂಗಸರೆಲ್ಲ ಹೊಸ ಕುಣಿತ ಕಲಿತರು. ಕಂಡವರ ಮದುವೆಗೆ ತಾವೇ ವಾಲಗ ಊದಿಕೊಂಡ ಹಾಗಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಫುಸಾ ಆಸ್ಪತ್ರೆ ಸೇರಿದಳು. ಅಲ್ಲೂ ಸುಮ್ಮನಿರಲಿಲ್ಲ. ಗೆದ್ದ ದಿನ ಸಭಾಭವನದಲ್ಲಿ ತೂಗುಹಾಕಲು ಜಯದ ಚೆಂಡು ನಾನೇ ಮಾಡುತ್ತೇನೆಂದು ಹಟ ಹಿಡಿದಳು. ಎರಡು ಬಿದಿರು ಬುಟ್ಟಿಗಳನ್ನು ಬಾಯಿಗೆ ಬಾಯಿ ಕೂಡಿಸಿ, ಮೇಲೆ ಬಂಗಾರದ ಕಾಗದ ಅಂಟಿಸಿ, ಒಳಗೆ ಬಣ್ಣದ ಚೂರುಗಳನ್ನೂ ಬರಹದ ಬಟ್ಟೆಯನ್ನೂ ತುಂಬಿದಳು. ಹಗ್ಗ ಎಳೆದರೆ ಚೆಂಡು ಒಡೆದು ಎಲ್ಲ ಸುರಿಯಬೇಕು.

"ಒಳಗೇನು ಹಾಕಿದ್ದೀಯೇ?" ಎಂದು ಗಂಡ ಸೈಕಿಚಿ ಕೇಳಿದ್ದ.

"ಬಿಚ್ಚಿದ ದಿನ ನೋಡ್ರಂತೆ. ಅಷ್ಟು ಅವಸರ ಯಾಕೆ?"

ಚೆಂಡು ಮುಗಿಸಿ ಹಿರಾನುಮನ ಕೈಗೆ ಕೊಟ್ಟ ವಾರದಲ್ಲೇ ಅವಳು ತೀರಿಕೊಂಡಳು.

ಸಾವಾದ ಮನೆಯೆಂಬ ಗುರುತಿಗೆ ಸೈಕಿಚಿಯ ಮನೆಯ ದೇವರ ಮಾಡಕ್ಕೆ ಬಿಳಿ ಕಾಗದ ಅಂಟಿತು. ಅಲ್ಲಿ ವರ್ಷ ತುಂಬುವವರೆಗೆ ಸೂತಕದ ಮನೆಯವನು ಸಂಭ್ರಮದ ಹೊಸ್ತಿಲು ತುಳಿಯುವಂತಿಲ್ಲ. ಡೆಲಾನಿ ಗೆದ್ದರೆ ಚೆಂಡನ್ನು ಊರೆಲ್ಲ ಸೇರಿ ಬಿಚ್ಚುತ್ತದೆ, ಅವನೊಬ್ಬನನ್ನು ಬಿಟ್ಟು. ಸೋತರೆ ಬಿಚ್ಚುವುದೇ ಇಲ್ಲ, ವರ್ಷದ ಕೊನೆಗೆ ಹಾಗೇ ಸುಟ್ಟುಹಾಕುತ್ತಾರೆ. ಹೆಂಡತಿಯ ಕೈ ಕೊನೆಯದಾಗಿ ಮಾಡಿದ್ದು ಹೇಗೂ ತನ್ನ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಅವನ ಕೊರಗಾಗಿತ್ತು. ಯಾರಿಗೆ ಹೇಳುವುದು? ಎಪ್ಪತ್ತು ದಾಟಿದ ಮೀನುಗಾರ ಕಾಗದದ ಚೆಂಡಿಗಾಗಿ ಅತ್ತನೆಂದರೆ ಚೆನ್ನಾಗಿರುತ್ತದೆಯೇ?

ಫಲಿತಾಂಶದ ದಿನ ಬೆಳಗಿನಿಂದಲೇ ಎದುರಿನ ಸಭಾಭವನದಲ್ಲಿ ಡೋಲು, ಹಾಡು. ಟೀವಿಯವರೂ ಬಂದಿದ್ದರು. ಸೈಕಿಚಿ ಕಿಟಕಿ ಸಂದಿಯಲ್ಲಿ ಕಿವಿಯಿಟ್ಟು ಕೂತಿದ್ದ. ಮಧ್ಯಾಹ್ನ ಡೋಲು ನಿಂತಿತು. ಒಬ್ಬೊಬ್ಬರೇ ಕುಣಿತದ ಅಂಗಿ ಮಡಚಿಕೊಂಡು ಹೊರಬಂದರು.

ಅವನು ಚಪ್ಪಲಿ ಮೆಟ್ಟಿ ಬೀದಿ ದಾಟಿದ. ಬಾಗಿಲಲ್ಲಿ ಹಿರಾನುಮ ಜೋಲುಮೋರೆ ಹಾಕಿ ನಿಂತಿದ್ದ.

"ಒಳಗೆ ಸಂಭ್ರಮ ನಡೀತಿದೆಯೇನೋ?"

"ಎಲ್ಲೀ ಸಂಭ್ರಮ ಸೈಕಿಚಣ್ಣ! ಸೋತುಬಿಟ್ಟ ನಮ್ಮ ಡೆಲಾನಿ. ಸಾವಿನ ಮನೆ ಥರ ಆಗಿದೆ." ಅಂದವನೇ ನಾಲಿಗೆ ಕಚ್ಚಿಕೊಂಡ.

"ಹಂಗಾದ್ರೆ ನಾನು ಒಳಗೆ ಬರಬಹುದು," ಎಂದ ಸೈಕಿಚಿ. "ಆ ಹಗ್ಗ ಎಳೀಬೇಕು ನಾನು."

"ಅಯ್ಯೋ, ಸೋತಾಗ ಅದನ್ನ ಬಿಚ್ಚಬಾರದು ಕಣಣ್ಣ! ಒಳಗೆ 'ಅಭಿನಂದನೆ' ಅಂತ ಬರೆದಿರುತ್ತೆ. ಕ್ಯಾಮೆರಾದವರು ಇನ್ನೂ ಹೋಗಿಲ್ಲ, ಲೋಕವೇ ನಗುತ್ತೆ."

"ನಗಲಿ ಬಿಡು. ಅವಳು ನಗಿಸೋದಕ್ಕೇ ತಾನೇ ಇದೆಲ್ಲ ಶುರುಮಾಡಿದ್ದು?"

ಹಿರಾನುಮ ದಾರಿ ಬಿಟ್ಟ. ಹೊರಟವರೂ ಒಬ್ಬರ ಹಿಂದೆ ಒಬ್ಬರು ಒಳಗೆ ಬಂದರು.

ಮೊದಲ ಎಳೆತಕ್ಕೆ ಚೆಂಡು ಜಗ್ಗಲಿಲ್ಲ. ಫುಸಾ ಅಂಟು ಹಾಕಿದರೆ ಹಾಗೇ, ಕೈ ಬಿಗಿ. ಬಲೆ ಎಳೆಯುವವನ ಹಾಗೆ ಕಾಲು ಊರಿ ಮತ್ತೆ ಎಳೆದ. ಚೆಂಡು ಬಾಯಿಬಿಟ್ಟಿತು. ಸುರಿದದ್ದೆಲ್ಲ ಮೀನು, ಬಣ್ಣದ ಕಾಗದದ ಪುಟ್ಟ ಪುಟ್ಟ ಬಂಗುಡೆ, ಒಂದೊಂದಕ್ಕೂ ಬಾಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಕೈಯಲ್ಲಿ ಇಷ್ಟನ್ನೂ ಕತ್ತರಿಸಿದ್ದಳಲ್ಲ ಮಹಾರಾಯ್ತಿ! ಹಿಂದೆಯೇ ಉದ್ದನೆಯ ಬಟ್ಟೆ ಇಳಿಬಿತ್ತು. ಅದರ ಮೇಲೆ ಅಭಿನಂದನೆ ಇರಲಿಲ್ಲ. ದಪ್ಪ ಅಕ್ಷರದಲ್ಲಿ 'ದಣಿದು ಬಂದಿರಿ' ಎಂದಿತ್ತು.

ದುಡಿದು ಬಂದವರಿಗೆಲ್ಲ ಆ ಊರಲ್ಲಿ ಹೇಳುವ ಮಾತದು. ದೋಣಿ ತುಂಬಿ ಬಂದರೂ ಅದೇ, ಬರಿದಾಗಿ ಬಂದರೂ ಅದೇ.

"ನಾನು ಹೇಳಿದ್ದು ಬೇರೆ, ಫುಸಕ್ಕ ಬರೆದಿದ್ದೇ ಬೇರೆ," ಎಂದು ಹಿರಾನುಮ ನಗಲು ಹೋಗಿ ಕಣ್ಣೊರೆಸಿಕೊಂಡ. ಟೀವಿಯಲ್ಲಿ ಡೆಲಾನಿ ಸೋಲೊಪ್ಪಿಕೊಂಡು ಮಾತಾಡುತ್ತಿದ್ದ. ಪಾಪ, ಮುಖ ಬಾಡಿತ್ತು. ಹಿರಾನುಮ ಅತ್ತ ತಿರುಗಿ ನಡು ಬಗ್ಗಿಸಿ, "ದಣಿದು ಬಂದಿರಿ!" ಎಂದು ಕೂಗಿದ. ಸಭೆಯೆಲ್ಲ ಅವನ ಹಿಂದೆ ಬಾಗಿ ಕೂಗಿತು.

ಸೈಕಿಚಿ ಮಾತ್ರ ಟೀವಿಯ ಕಡೆ ತಿರುಗಲಿಲ್ಲ. ಮನೆಯ ಬಾಗಿಲಲ್ಲಿ ಅವನ ರಬ್ಬರ್ ಬೂಟಿನ ಸದ್ದು ಕೇಳುತ್ತಲೇ ಒಳಗಿನಿಂದ ಫುಸಾ ದಿನವೂ ಹೇಳುತ್ತಿದ್ದ ಮಾತು ಅದು. ಕೊನೆಯ ದಿನ ದೋಣಿಯಿಂದ ನೇರವಾಗಿ ಆಸ್ಪತ್ರೆಗೆ ಓಡಿಹೋದಾಗ, ಉಸಿರಿಗೂ ಕಷ್ಟಪಡುತ್ತಿದ್ದವಳು ಅವನಿಗೆ ಅದನ್ನೇ ಹೇಳಿದ್ದಳು. ಎಂದಿನಂತೆ ಅವನು ಬರೀ "ಹೂಂ" ಎಂದಿದ್ದ. ಬದುಕಿನುದ್ದಕ್ಕೂ ಬೆಂಕಿಯ ಮುಂದೆ ನಿಂತವಳಿಗೆ ಒಂದು ದಿನವಾದರೂ ಅವನು ಆ ಮಾತು ತಿರುಗಿ ಹೇಳಿರಲಿಲ್ಲ.

ತಲೆಯ ಮೇಲೆ, ಹೆಗಲ ಮೇಲೆ ಕಾಗದದ ಮೀನುಗಳಿದ್ದವು. ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೊತ್ತಿಕೊಂಡ.

"ನೀನೂ ದಣಿದೆ ಫುಸಾ," ಎಂದ. "ತುಂಬಾ ದಣಿದುಬಿಟ್ಟೆ."