ಕೆಂಪು ದಾರದ ಮೂರು ಗಂಟು

ವಿಮಾನ ಸಂಗ್ರಹಾಲಯದಿಂದ ಬಂದ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ತರಬೇತಿ ವಿಮಾನದ ಎಡರೆಕ್ಕೆಯ ಒಂಬತ್ತನೆಯ ಮರದ ಎಲುಬಿನ ಮೇಲೆ, ಬಟ್ಟೆಪಟ್ಟಿ ಕಿತ್ತುಹೋದ ಕಡೆ, ಹೊಲಿಗೆಯ ಗಂಟುಗಳು ಬಿಳಿ ದಾರದಲ್ಲಿವೆ, ನಡುವೆ ಮೂರು ಮಾತ್ರ ಕೆಂಪು ದಾರದಲ್ಲಿವೆ; ಕಾರಣ ತಮಗೇನಾದರೂ ತಿಳಿದಿದೆಯೇ?

ಎಡಚಿ ಅದನ್ನು ಕಿಟಕಿಯ ಹತ್ತಿರ ನಿಂತು ಎರಡು ಸಲ ಓದಿದಳು. ಎಡಗೈಯವಳೆಂದು ಕಾರ್ಖಾನೆಯ ಹೊಲಿಗೆ ವಿಭಾಗದ ಹೆಂಗಸರು ಇಟ್ಟ ಹೆಸರು ಅದು. ಆ ಹೆಸರು ಹಿಡಿದು ಕೂಗುವವರು ಈಗ ಯಾರೂ ಉಳಿದಿರಲಿಲ್ಲ. ಕೊನೆಯವಳು ಅಕ್ಕ, ಅವಳು ಹೋಗಿ ಹನ್ನೊಂದು ತಿಂಗಳಾಗಿತ್ತು.

ಕೆಂಪು ದಾರದ ಕಾರಣ ಎಡಚಿಗೆ ಚೆನ್ನಾಗಿ ಗೊತ್ತಿತ್ತು. ತಪಾಸಣೆಯಲ್ಲಿ ಸಿಕ್ಕಿಬಿದ್ದ ಹೊಲಿಗೆಯನ್ನು ಕತ್ತರಿಸಿ ಹೊಸದಾಗಿ ಹಾಕುವಾಗ ಕೆಂಪು ದಾರವನ್ನೇ ಬಳಸಬೇಕೆಂಬುದು ನಿಯಮ. ಗೊತ್ತಿಲ್ಲದ್ದು ಬೇರೆ: ಸಡಿಲವಾಗಿದ್ದ ಆ ಮೂರು ಗಂಟು ಹಾಕಿದವಳು ಅಕ್ಕನೋ, ತಾನೋ? ನಲವತ್ತೊಂದು ವರ್ಷ ಆ ಸಂಶಯವನ್ನು ಅವಳು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಳು. ಅಕ್ಕನದೇ ಇರಬಹುದು ಎಂಬ ಅರ್ಧ ಅವಕಾಶವೊಂದು ಇಲ್ಲದಿದ್ದರೆ ಅವಳಿಗೆ ಇಷ್ಟು ವರ್ಷ ಅಕ್ಕನ ಮುಖ ನೋಡಲು ಆಗುತ್ತಿರಲಿಲ್ಲ.

ಮೂರು ದಿನ ಕಾಗದ ಸಕ್ಕರೆ ಡಬ್ಬಿಯ ಕೆಳಗಿತ್ತು. ನಾಲ್ಕನೆಯ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು.

ಸಂಗ್ರಹಾಲಯದ ಹಿಂದಿನ ಶೆಡ್ಡಿನಲ್ಲಿ ದುರಸ್ತಿಗಾರ ಕಾಯುತ್ತಿದ್ದ. ಐವತ್ತರ ಆಸುಪಾಸಿನವನು, ಕುತ್ತಿಗೆಗೆ ಎರಡು ಕನ್ನಡಕ ತೂಗುಹಾಕಿಕೊಂಡಿದ್ದ. ಅವನ ಬೆನ್ನ ಹಿಂದೆ ರೆಕ್ಕೆ ಕಳಚಿದ ಹಳದಿ ವಿಮಾನ ಕೂತಿತ್ತು. ಒಂದರ ಹಿಂದೊಂದು ಎರಡು ಸೀಟು, ಮುಂದಿನದು ಕಲಿಯುವವನಿಗೆ, ಹಿಂದಿನದು ಕಲಿಸುವವನಿಗೆ. ಇಷ್ಟು ಚಿಕ್ಕದಾಗಿತ್ತೇ ಇದು ಎಂದು ಅವಳಿಗೆ ಅನ್ನಿಸಿತು.

“ಇದಕ್ಕೆ ನಾವು ಕೋಳಿ ಅಂತಿದ್ವಿ,” ಎಂದಳು.

“ಯಾಕಮ್ಮಾ?”

“ಕಲಿಯೋರು ಇಳಿಸ್ತಿದ್ದ ಚೆಂದಕ್ಕೆ. ನೆಲ ಮುಟ್ಟಿದ ಮೇಲೆ ನಾಲ್ಕು ಸಲ ಕುಪ್ಪಳಿಸದೆ ನಿಲ್ತಾನೇ ಇರಲಿಲ್ಲ.”

ಅವನು ನಕ್ಕು, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ. ಎಲ್ಲವನ್ನೂ ಬರೆದುಕೊಳ್ಳುವ ಜಾತಿಯ ಮನುಷ್ಯ.

“ಇನ್ನೂರ ಹನ್ನೆರಡು ತಯಾರಾಗಿದ್ವು. ಉಳಿದಿರೋದು ನಾಲ್ಕು. ಒಂದನ್ನ ಎಲ್ಲೋ ಸೂರಿಗೆ ನೇತುಹಾಕಿದ್ದಾರೆ. ಒಂದು ಶಾಲೆಯ ಗೇಟಿನ ಮುಂದೆ ಕಂಬದ ಮೇಲಿದೆ, ವರ್ಷಾವರ್ಷ ಬಣ್ಣ ಬಳಿದು ಬಳಿದು ಹೊಲಿಗೆಯೇ ಹೂತುಹೋಗಿದೆ. ಇನ್ನೊಂದಕ್ಕೆ ರೆಕ್ಕೆನೇ ಇಲ್ಲ. ಕಾರ್ಖಾನೆಯಲ್ಲಿ ಹೊಲಿದ ಬಟ್ಟೆ ಹಾಗೇ ಇರೋದು ಈ ಎಡರೆಕ್ಕೆ ಒಂದರಲ್ಲೇ. ಅದೂ ತಡೆಯಲ್ಲ, ತೆಗೀಬೇಕು. ಒಂಬತ್ತನೇ ಎಲುಬಿನ ತುಂಡು ಮಾತ್ರ ಗಾಜಿನಡಿ ಇಡ್ತೀವಿ, ನಿಮಗೆ ಕಾಗದ ಹಾಕಿದ ಮೇಲೆ ಸಿಕ್ಕ ಈ ತಪಾಸಣೆ ಕಾರ್ಡಿನ ಜೊತೆ. ತಪ್ಪು, ತಿದ್ದುಪಡಿ ಎರಡೂ ಅಕ್ಕಪಕ್ಕ. ಜನಕ್ಕೆ ಇಂಥದ್ದು ಇಷ್ಟ.”

ಕಾರ್ಡಿನಲ್ಲಿ ಕಾರ್ಖಾನೆಯ ಗುಂಡಗಿನ ಅಕ್ಷರದಲ್ಲಿ ಅಕ್ಕನ ಪೂರ್ತಿ ಹೆಸರಿತ್ತು. ಅದರ ಕೆಳಗೆ ‘ಕಾರಣ: ಅಲಕ್ಷ್ಯ’ ಎಂದಿತ್ತು.

ಎಡಚಿ ಸ್ಟೂಲಿನ ಮೇಲೆ ಕೂತಳು.

ರೆಕ್ಕೆಗೆ ಮರದ ಎಲುಬುಗಳು. ಅವುಗಳ ಮೇಲೆ ಎರಡೂ ಕಡೆ ಬಟ್ಟೆ ಹೊದಿಸಿ, ರೆಕ್ಕೆಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಒಬ್ಬಳು ಈ ಕಡೆ, ಒಬ್ಬಳು ಆ ಕಡೆ. ಗೇಣಿಗಿಂತ ಉದ್ದದ ಸೂಜಿ ಈ ಕಡೆಯಿಂದ ತೂರಿ ಆ ಕಡೆ ಹೊರಡುತ್ತಿತ್ತು. ಆ ಕಡೆಯವಳು ಎಲುಬನ್ನು ಬಳಸಿ ಅದನ್ನು ಹಿಂದಕ್ಕೆ ಕಳಿಸುತ್ತಿದ್ದಳು. ಈ ಕಡೆಯವಳು ಮೇಣ ಹಚ್ಚಿದ ದಾರವನ್ನು ಜಗ್ಗಿ ಗಂಟು ಹಾಕುತ್ತಿದ್ದಳು. ಮೂರು ಇಂಚಿಗೊಂದು ಗಂಟು. ದಿನವಿಡೀ ಇಬ್ಬರಿಗೂ ಪರಸ್ಪರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ.

“ಬಿಗೀನಾ?” ಎಂದು ಆ ಕಡೆಯವಳು ಕೇಳಬೇಕು.

“ಬಿಗಿ,” ಎಂದು ಈ ಕಡೆಯವಳು ಹೇಳಬೇಕು. ಹೇಳಿದ ಮೇಲೆಯೇ ಮುಂದಿನ ಗಂಟು.

ಗಂಟು ಅಕ್ಕನದು, ಸೂಜಿ ಹಿಂದಕ್ಕೆ ಕಳಿಸುವುದು ತಂಗಿಯದು. ಎಡಗೈಯವರ ಗಂಟು ಬಲಕ್ಕಲ್ಲದೆ ಎಡಕ್ಕೆ ಒರಗುತ್ತದೆಂದು ತಪಾಸಣೆಯವನು ಅವಳಿಗೆ ಗಂಟು ಹಾಕುವುದನ್ನೇ ನಿಷೇಧಿಸಿದ್ದ. ಅವನಿಗೆ ಹೆಂಗಸರು ಇಟ್ಟ ಹೆಸರು ಸೂಜಿಗಣ್ಣ. ಆದರೆ ಆ ದಿನ ಅಕ್ಕನ ತೋರುಬೆರಳನ್ನು ದಾರ ಕೊಯ್ದಿತ್ತು. ಒಂದಷ್ಟು ಹೊತ್ತು ಅವಳು ಹಲ್ಲು ಕಚ್ಚಿಕೊಂಡು ಹೊಲಿದಳು. ಆಮೇಲೆ, “ಎಡಚಿ, ಈ ಕಡೆ ಬಾರೇ. ಸೂಜಿಗಣ್ಣ ಊಟಕ್ಕೆ ಹೋಗಿದ್ದಾನೆ,” ಎಂದು ಕರೆದಳು. ಇಬ್ಬರೂ ಜಾಗ ಬದಲಾಯಿಸಿದರು. ಯಾವ ಎಲುಬಿನಲ್ಲಿ ಎಂಬುದು ಎಡಚಿಗೆ ನೆನಪಿರಲಿಲ್ಲ. ನೆನಪಿಲ್ಲದ್ದೇ ಅವಳ ಆಸರೆ.

ಸಂಜೆ, ಗಂಟಿನ ಓರೆ ಕಾಣದಷ್ಟು ಮಬ್ಬು ಬೆಳಕಿನಲ್ಲಿ ಸೂಜಿಗಣ್ಣ ದಾರದಡಿ ಉಗುರು ತೂರಿಸಿದಾಗ ಮೂರು ಗಂಟು ಮೇಲೆದ್ದವು.

“ಯಾರದು ಇದು?”

“ನಂದೇ,” ಎಂದಳು ಅಕ್ಕ. ಉಸಿರು ಎಳೆದುಕೊಳ್ಳುವಷ್ಟೂ ತಡಮಾಡಲಿಲ್ಲ.

ಅಂದೇ ಅಕ್ಕನನ್ನು ಕಾರ್ಖಾನೆಯಿಂದ ತೆಗೆದುಹಾಕಿದರು. ಮರುದಿನದಿಂದ ಅವಳು ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಹೋದಳು. ಮುನಿಸಿಕೊಳ್ಳಲಿಲ್ಲ. ಭಾನುವಾರ ಬರುತ್ತಿದ್ದಳು, ಎರಡು ಕುರ್ಚಿಯಲ್ಲಿ ಕಿಟಕಿ ಕಡೆಯದನ್ನು ಹಿಡಿಯುತ್ತಿದ್ದಳು, ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದಳು. ಆ ವಿಷಯ ಮಾತ್ರ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಇಂದು ಹೇಳೋಣ, ಮುಂದಿನ ವಾರ ಹೇಳೋಣ ಎನ್ನುತ್ತಲೇ ಕಿಟಕಿ ಕಡೆಯ ಕುರ್ಚಿ ಖಾಲಿಯಾಯಿತು.

“ಕೆಂಪು ಗಂಟಿನ ಮೇಲೆ ಕೆಳಗೆ ಉಳಿದಿರೋ ಪಟ್ಟಿ ಬಿಚ್ಚೋಕಾಗುತ್ತಾ? ಎಂಟನೇ ಎಲುಬಿಂದೂ?” ಎಂದು ಎಡಚಿ ಕೇಳಿದಳು.

ಹೊಲಿಗೆಯನ್ನು ಮುಚ್ಚಿದ್ದ ಬಟ್ಟೆಪಟ್ಟಿಗೆ ದುರಸ್ತಿಗಾರ ದ್ರಾವಣದ ಹತ್ತಿ ಒತ್ತಿ, ಇಂಚಿಂಚಾಗಿ ಎಬ್ಬಿಸಿದ. ಹಳೆಯ ಘಾಟು ಮೂಗಿಗೆ ಹೊಡೆಯಿತು. ಅವಳು ಭೂತಗನ್ನಡಿ ಹಿಡಿದು ಬಗ್ಗಿದಳು.

ಎಂಟನೆಯ ಎಲುಬಿನ ಗಂಟುಗಳೆಲ್ಲ ಬಲಕ್ಕೆ ಒರಗಿದ್ದವು. ಒಂಬತ್ತರ ಮೊದಲ ಗಂಟು ಎಡಕ್ಕೆ. ಎರಡನೆಯದು ಎಡಕ್ಕೆ. ಕೆಂಪಿನ ಮೇಲಿನವೂ ಎಡಕ್ಕೆ, ಕೆಳಗಿನವೂ ಎಡಕ್ಕೆ. ಬೇಡವೆಂದರೂ ಅವಳು ಕೊನೆಯವರೆಗೆ ಎಣಿಸಿದಳು.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಸಡಿಲವಾದ ದಾರ ಮೊದಲು ಗೊತ್ತಾಗುವುದು ಆ ಕಡೆಯವಳ ಕೈಗೆ. ಗಂಟು ಹಿಡಿಯದಿದ್ದರೆ ಅಲ್ಲಿ ದಾರ ಬೆರಳಿನಡಿ ಜಾರುತ್ತದೆ. ಅಕ್ಕ ಆ ದಿನ ಬಟ್ಟೆಯಾಚೆಯಿಂದ ಎರಡೆರಡು ಸಲ ಕೇಳಿದ್ದಳು: “ಬಿಗೀನಾ? ಏ ಎಡಚಿ, ಬಿಗೀನಾ?” ಸೂಜಿಗಣ್ಣ ಬರುವುದರೊಳಗೆ ಮುಗಿಸುವ ಅವಸರದಲ್ಲಿ ಇವಳು ಸಿಡುಕಿದ್ದಳು: “ಬಿಗಿ ಅಂದ್ನಲ್ಲ!”

ಅಕ್ಕನಿಗೆ ಗೊತ್ತಿತ್ತು. ಅಂದಿನಿಂದಲೂ ಗೊತ್ತಿತ್ತು.

“ಇವು ನಾನು ಹಾಕಿದ್ದು,” ಎಂದಳು ಎಡಚಿ. “ನಮ್ಮಕ್ಕನದಲ್ಲ.”

“ಓಹೋ, ಎಡಗೈ ಗಂಟು!” ದುರಸ್ತಿಗಾರನ ಮುಖ ಅರಳಿತು. “ತುಂಬ ಒಳ್ಳೇ ಮಾಹಿತಿ ಅಮ್ಮಾ. ಒಂಬತ್ತನೇ ಎಲುಬಿನಿಂದ, ಅಲ್ವಾ?” ಅವನು ಬರೆದುಕೊಳ್ಳತೊಡಗಿದ.

ಅವಳು ಅವನ ಪೆನ್ನು ಓಡುವುದನ್ನೇ ನೋಡಿದಳು. ನಲವತ್ತೊಂದು ವರ್ಷ ಗಂಟಲಲ್ಲಿದ್ದ ಮಾತು ಒಂದೂವರೆ ಸಾಲಿನಲ್ಲಿ ಮುಗಿದಿತ್ತು. ಬೈಯಬೇಕಾದವಳು ಇಲ್ಲ. ಇವನಿಗೆ ಬೈಯಲು ಕಾರಣವಿಲ್ಲ.

“ಕಾರ್ಡಲ್ಲಿ ತಿದ್ದಿ,” ಎಂದಳು.

“ತಿದ್ದೋ ಹಾಗಿಲ್ಲಮ್ಮಾ, ದಾಖಲೆ ಅದು. ಕೆಳಗೆ ಟಿಪ್ಪಣಿ ಹಾಕಬಹುದು.”

“ಹಾಕಿ. ನನ್ನ ಹೆಸರು ಹಾಕಿ. ಅಲಕ್ಷ್ಯ ಅನ್ನೋದನ್ನೂ ಬಿಡಬೇಡಿ, ಅದೂ ನಂದೇ.”

ಅವನು ಮೊದಲ ಬಾರಿಗೆ ಪೆನ್ನು ನಿಲ್ಲಿಸಿ ಅವಳನ್ನು ನೋಡಿದ. ಅವಳು ಹೇಳಿದಂತೆಯೇ ಬರೆದು, ಹಾಳೆಯನ್ನು ತಿರುಗಿಸಿ ಅವಳಿಗೆ ತೋರಿಸಿದ.

ಶೆಡ್ಡಿನ ಇನ್ನೊಂದು ಬದಿ ಬಲರೆಕ್ಕೆ ಹೊಸ ಬಟ್ಟೆ ಹೊದ್ದು ನೆಟ್ಟಗೆ ನಿಂತಿತ್ತು, ಹೊಲಿಗೆ ಇನ್ನೂ ಬಿದ್ದಿರಲಿಲ್ಲ. ಒಂದೆರಡು ಗಂಟು ಹಾಕಿ ತೋರಿಸುತ್ತೀರಾ ಎಂದು ಅವನು ಸಂಕೋಚದಿಂದಲೇ ಕೇಳಿದ.

“ಎಡಗೈಯವಳು ಹಾಕಿದ್ರೆ ನಡಿಯುತ್ತಾ?”

“ನಡಿಯುತ್ತಮ್ಮಾ.”

“ಹಾಗಾದ್ರೆ ಒಂದೆರಡಲ್ಲ, ಇಡೀ ರೆಕ್ಕೆ ಹೊಲಿಯೋಣ, ಆ ಕಡೆ ಹೋಗಿ. ಒಂದೊಂದು ಗಂಟಿಗೂ ‘ಬಿಗೀನಾ’ ಅಂತ ಕೇಳ್ಬೇಕು.”

“ಒಂದೊಂದಕ್ಕೂ? ಇನ್ನೂರರ ಮೇಲಿದೆ!”

“ಇನ್ನೂರು ಸಲ ಕೇಳಿ.”

ಅವನು ರೆಕ್ಕೆಯ ಹಿಂದೆ ಮರೆಯಾದ. ಬಟ್ಟೆಯ ಮೇಲೆ ಮಸುಕು ನೆರಳೊಂದು ಬಂದು ನಿಂತಿತು. ಎಡಚಿ ಸೂಜಿ ತೂರಿಸಿದಳು. ಆ ಕಡೆ ಅದು ಸ್ವಲ್ಪ ಹೊತ್ತು ತಡಕಾಡಿ, ಕೊನೆಗೆ ಹಿಂದಕ್ಕೆ ಬಂತು. ಅವಳು ದಾರ ಜಗ್ಗಿ ಗಂಟು ಹಾಕಿದಳು.

“ಬಿಗೀನಾ?” ಎಂದಿತು ಬಟ್ಟೆಯಾಚೆಯ ದನಿ.

ಅವಳು ದಾರದಡಿ ಉಗುರು ತೂರಿಸಿ ನೋಡಿದಳು. ಕೂದಲೆಳೆಯಷ್ಟು ಮೇಲೆದ್ದಿತು.

“ಇಲ್ಲ,” ಎಂದಳು. “ತಡಿ, ಬಿಚ್ಚಿ ಹಾಕ್ತೀನಿ.”