ಮಾವ ಹಾಕಿದ ಗೊಬ್ಬರ

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮಾವ ತೀರಿಕೊಂಡು ವರ್ಷವಾಗಿತ್ತು. ಸುತ್ತಲಿನವರು ಅವರನ್ನು ‘ಗೊಬ್ಬರದ ಯಜಮಾನರು’ ಎನ್ನುತ್ತಿದ್ದರಂತೆ. ಕೋಳಿಫಾರಂ ನಡೆಸುತ್ತ, ಅಲ್ಲಿನ ಗೊಬ್ಬರವನ್ನೆಲ್ಲ ಬದುಕಿರುವ ತನಕ ಮನೆಹಿಂದಿನ ಹೊಲಕ್ಕೇ ಸುರಿದವರು. ಆ ಕರಿಮಣ್ಣನ್ನು ತೋರಿಸುವಾಗ ಅತ್ತೆಯ ಮುಖ ಅರಳುತ್ತಿತ್ತು.

ನನ್ನ ಕೆಲಸ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ. ಹೊಲದ ಕೆಳಗಿನ ಕೆರೆ ಮಳೆ ಬಿದ್ದಾಗಲೆಲ್ಲ ಹಸಿರು ಗಂಜಿಯಂತಾಗುವುದನ್ನು ಕಂಡು ಒಂದಿಷ್ಟು ಮಣ್ಣು ಒಯ್ದು ನೋಡಿದೆ. ಕೋಳಿಗೊಬ್ಬರದ ರಂಜಕ ವಿಪರೀತವಿತ್ತು. ಬೆಳೆ ತಿಂದು ಮಿಕ್ಕಿದ್ದು ಮಳೆನೀರಿನೊಂದಿಗೆ ಹರಿದು ಕೆರೆಯ ಪಾಚಿಯನ್ನು ಸಾಕುತ್ತಿತ್ತು.

“ನಾನು ಮದುವೆಯಾಗಿ ಬಂದಾಗ ಆ ಕೆರೇಲಿ ಬಟ್ಟೆ ಒಗೀತಿದ್ದೆ,” ಎಂದರು ಅತ್ತೆ, ರಾತ್ರಿ ಊಟಕ್ಕೆ ಕೂತಾಗ. “ಮರಿಮೀನು ಕಾಲು ಕಚ್ತಿದ್ವು. ‘ಬೇಗ ಮೇಲೆ ಬಾ, ಹೆಂಡತೀನ ಮೀನಿಗೆ ಕೊಟ್ಟು ನಾನೇನು ಮಾಡ್ಲಿ’ ಅಂತ ನಿನ್ನ ಮಾವ ದಡದಲ್ಲಿ ನಿಂತು ರೇಗಿಸ್ತಿದ್ರು.”

ಆ ಧೈರ್ಯದ ಮೇಲೆ ನಾನು ವಿಷಯ ತೆಗೆದೆ. “ಇನ್ಮೇಲೆ ಹೊಲಕ್ಕೆ ಗೊಬ್ಬರ ಬೇಡ ಅತ್ತೆ. ಮೆಕ್ಕೆಜೋಳ, ಮೇವಿನ ಹುಲ್ಲು ಬೆಳೆಯೋಣ. ಅವು ರಂಜಕ ಹೀರ್ಕೊಳ್ಳುತ್ವೆ. ತೆನೆ, ದಂಟು ಎಲ್ಲಾ ಕೊಯ್ದು ಹೊರಗೆ ಸಾಗಿಸ್ಬೇಕು.”

ಅತ್ತೆ ತಟ್ಟೆಯಿಂದ ಕೈ ತೆಗೆದರು. “ಅವರು ಜೀವ ತೇದು ಹಾಕಿದ್ದನ್ನ ನೀನು ಊರಾಚೆಗೆ ಎಸೀತೀಯಾ? ಮಣ್ಣನ್ನ ಉಪವಾಸ ಕೆಡವ್ತೀಯಾ?”

“ಉಪವಾಸ ಅಲ್ಲ ಅತ್ತೆ, ಪಥ್ಯ. ಅದಕ್ಕೆ ಅಜೀರ್ಣ ಆಗಿದೆ.”

ನನ್ನ ಗಂಡ ಅಡಕತ್ತರಿಗೆ ಸಿಕ್ಕಿದವರಂತೆ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ಆದರೆ ಮುಂದಿನ ಮಳೆಗೆ ಮೆಕ್ಕೆಜೋಳ ಬಿತ್ತಿದವರು ಅವರೇ.

ಗುಡ್ಡದಾಚೆಯ ಹಾಲಿನವನು ಮೇವು ಕೊಳ್ಳಲು ಒಪ್ಪಿದ. ಟ್ರ್ಯಾಕ್ಟರ್ ಹೊರಟಾಗಲೆಲ್ಲ ಅತ್ತೆ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದರು. ಕೆಲವು ವರ್ಷ ಹೀಗೇ ಕಳೆಯಿತು. ರಂಜಕ ಇಳಿಯುತ್ತಿತ್ತು ನಿಜ, ಆಮೆ ನಡಿಗೆಯಲ್ಲಿ. ಗೊಬ್ಬರ ಕಾಣದಿದ್ದರೂ ಜೋಳ ಆಳೆತ್ತರ ಬರುತ್ತಿತ್ತು. “ನೋಡು, ಇನ್ನೂ ಅವರೇ ಉಣಿಸ್ತಿದ್ದಾರೆ,” ಎಂದು ಅತ್ತೆ ನನ್ನನ್ನು ಚುಚ್ಚುತ್ತಿದ್ದರು.

ಒಂದು ಕೊಯ್ಲಿನ ದಿನ ಅವರು ಸೆರಗು ಬಿಗಿದು ಟ್ರ್ಯಾಕ್ಟರ್ ಹತ್ತಿಯೇಬಿಟ್ಟರು. “ಎಲ್ಲಿಗೆ ಹೋಗುತ್ತೆ ಅಂತ ನಾನೂ ನೋಡ್ಬೇಕು.” ನಾನೂ ಜೊತೆಗೆ ಹೋದೆ.

ಹಾಲಿನವನ ನೆಲ ಬಿಳಿಚಿಕೊಂಡ ಕಲ್ಲುನೆಲ. ಆದರೆ ಕೊಟ್ಟಿಗೆಯ ಪಕ್ಕದ ತುಂಡು ಹೊಲದಲ್ಲಿ ಅವರೆಗಿಡ ಹೂಬಿಟ್ಟು ನಿಂತಿತ್ತು. ಅವನ ಹೆಂಡತಿ ಅತ್ತೆಯ ಕೈಹಿಡಿದು ಅಲ್ಲಿಗೆ ಕರೆದೊಯ್ದಳು. “ಇಲ್ಲಿ ಮೊದಲು ಮುಳ್ಳೂ ನೆಟ್ಟಗೆ ಬರ್ತಿರ್ಲಿಲ್ಲಮ್ಮಾ. ನಿಮ್ಮ ಮೇವು ತಿಂದ ಹಸುಗಳ ಸಗಣಿ ಬಿದ್ದ ಮೇಲೆ ಹೀಗಾಗಿದೆ.”

ಅತ್ತೆ ಕೂತು ಒಂದು ಹಿಡಿ ಮಣ್ಣೆತ್ತಿ, ಪುಡಿಮಾಡಿ, ಮೂಸಿದರು. ಕಣ್ಣು ತುಂಬಿತ್ತು.

“ಇಲ್ಲಿಗೂ ಬಂದ್ರಾ ಇವರು,” ಎಂದರು ಮೆಲ್ಲಗೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಮಾವನದೇ ಮಾತು. ಗೊಬ್ಬರದ ವಾಸನೆ ಹೋಗಲೆಂದು ಅವರು ಮದುವೆಯ ಹೊಸತರಲ್ಲಿ ಅರ್ಧ ಸೋಪು ಕರಗಿಸುತ್ತಿದ್ದುದು, ಆಮೇಲೆ “ಇದೇ ನನ್ನ ಅತ್ತರು” ಎಂದು ಸುಮ್ಮನಾದದ್ದು. ಹೇಳಿ ಹೇಳಿ ನಕ್ಕರು.

ಅಂದಿನಿಂದ ಕೊಯ್ಲಿನಲ್ಲಿ ಅವರದೇ ಯಜಮಾನಿಕೆ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, “ಆ ದಂಟು ಯಾರಿಗೆ ಬಿಟ್ರಿ? ಆಚೆಯವರ ಹಸು ಕಾಯ್ತಿರುತ್ತೆ,” ಎಂದು ಆಳುಗಳನ್ನು ಗದರುತ್ತಿದ್ದರು.

ಈಗ ಅತ್ತೆ ಇಲ್ಲ. ಕೆರೆಯ ಪಾಚಿ ಪೂರ್ತಿ ಹೋಗಿಲ್ಲ. ದಡದ ಹತ್ತಿರ ಮಾತ್ರ ತಳದ ಕಲ್ಲು ಕಾಣುತ್ತದೆ. ಈ ಸಲವೂ ಜೋಳ ಚೆನ್ನಾಗಿ ಬಂದಿದೆ. ನಾಳೆ ಕೊಯ್ಲು, ಬದುವಿನ ಮೇಲೆ ಕೂರುವವರು ಯಾರೆಂದು ಗಂಡ ಕೇಳಿದರು. ನಾನೇ ಕೂರುತ್ತೇನೆ ಎಂದೆ. ಗದರುವುದು ಮಾತ್ರ ನನಗಿನ್ನೂ ಬಂದಿಲ್ಲ.