ಅದಲು ಬದಲಾದ ಕರಡಿಗೆ

ಅಮರೇಶನಿಗೆ ಇದ್ದದ್ದು ಎರಡೇ ಹುಚ್ಚು: ಭಾನುವಾರದ ಸೈಕಲ್ಲು, ಬಿಟ್ಟರೆ ಲಿಂಗಪೂಜೆಯ ನೇಮ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ಅಳೆಯುವ ಕೆಲಸ. ಮನೆಯಲ್ಲೂ ಅದೇ ಬುದ್ಧಿ. ಪೂಜೆಯಾಗದೆ ತಾನೂ ತಿನ್ನುವುದಿಲ್ಲ, ಹೆಂಡತಿ ಸೌಮ್ಯಾಳೂ ತಿನ್ನುವಂತಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಮಾತಂತೂ ದೂರವೇ ಉಳಿಯಿತು.

ಆ ಭಾನುವಾರ ನಸುಕಿನಲ್ಲೇ ಬಾಗಲಗುಂಟೆಯ ಮನೆ ಬಿಟ್ಟ. ಸ್ನಾನ ಮುಗಿಸಿ, ದೇವರ ಕೋಣೆಯ ತಟ್ಟೆಯಿಂದ ಲಿಂಗದ ಬೆಳ್ಳಿ ಕರಡಿಗೆ ಎತ್ತಿ ಕೊರಳಿಗೆ ಹಾಕಿಕೊಂಡಿದ್ದ. ಸೌಮ್ಯಾಗೆ ಎಚ್ಚರವಾದೀತೆಂದು ಲೈಟು ಹಾಕಿರಲಿಲ್ಲ. ಮಾಕಳಿ, ನೆಲಮಂಗಲ ಕಳೆದು ದಾಬಸ್‌ಪೇಟೆಯಲ್ಲಿ ಬಲಕ್ಕೆ ತಿರುಗಿದ. ಕೊರಟಗೆರೆ ದಾಟುತ್ತಲೇ ಬಂಡೆಯ ಸೀಮೆ. ಉತ್ತರಕ್ಕೆ ಕಣ್ಣು ಹಾಯಿಸಿದಷ್ಟೂ ಬೋಳುಗುಡ್ಡ, ಸೀತಾಫಲದ ಪೊದೆ, ಕರಡಿಗಳಿವೆ ಎಚ್ಚರಿಕೆ ಎಂಬ ಫಲಕ. ಏರು ಹತ್ತುವಾಗ ತೊಡೆ ಉರಿಯಿತು. ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಒಂಬತ್ತಕ್ಕೆ ಬಂಡೆಯ ನೆರಳಲ್ಲಿ ಕೂತು ಕರಡಿಗೆ ಬಿಚ್ಚಿದ. ಒಳಗೆ ಹಸಿರು ರೇಷ್ಮೆಯ ತುಂಡು. ಅವನದು ಬಿಳಿ ಬಟ್ಟೆ. ಮದುವೆಯಲ್ಲಿ ಜೋಡಿಯಾಗಿ ಮಾಡಿಸಿದ ಕರಡಿಗೆಗಳಲ್ಲಿ ಹೆಂಡತಿಯದನ್ನು ಹೊತ್ತು ಎಂಬತ್ತು ಕಿಲೋಮೀಟರು ತುಳಿದು ಬಂದಿದ್ದ ಮಹಾಶಯ.

ಅವಳ ಲಿಂಗ ಇಲ್ಲಿದ್ದರೆ ಅಲ್ಲಿ ಅವಳ ಪೂಜೆ ಹೇಗೆ, ತಿಂಡಿ ಹೇಗೆ? ಸೌಮ್ಯಾಗೆ ಸಕ್ಕರೆ ಕಾಯಿಲೆ. ಎಂಟಕ್ಕೆ ಮಾತ್ರೆ ನುಂಗಿ ತಿನ್ನದಿದ್ದರೆ ಕಣ್ಣು ಕತ್ತಲಿಡುತ್ತದೆ. ಹೋದ ಶ್ರಾವಣದಲ್ಲಿ ಪೂಜೆ ತಡವಾಗಿ ಬಿದ್ದೇಬಿಟ್ಟಿದ್ದಳು. ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಮೂರನೆಯದಕ್ಕೆ ಎತ್ತಿದಳು.

“ತಿಂದ್ಯಾ?”

“ಆಯ್ತು ಕಣ್ರೀ. ಉಪ್ಪಿಟ್ಟು.”

“ಪೂಜೆ?”

“ನಿಮ್ಮ ಲಿಂಗಕ್ಕೇ ಮಾಡ್ದೆ. ತಲೆ ಸುತ್ತಿ ಬೀಳೋದಕ್ಕಿಂತ ವಾಸಿ ಅಲ್ವಾ? ನೀವೂ ನನ್ನದಕ್ಕೆ ಮಾಡಿ ತಿಂದ್ಕೊಳ್ಳಿ.”

ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ. ಈಗ ಹೋದ ಜೀವ ಬಂದಂತಾಯಿತು. ಹಸಿರು ಬಟ್ಟೆ ಬಿಡಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು ನೀರು ಹನಿಸಿದ. ಕಣ್ಣು ಮುಚ್ಚಿದರೆ ಬೇಡಿಕೊಳ್ಳಲು ಮಾತೇ ಬರಲಿಲ್ಲ, ಇದು ಅವಳದಲ್ಲವೆ? ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಕೂತಿದ್ದರೂ ಅವಳು ಏನು ಬೇಡುತ್ತಾಳೆಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಮತ್ತೆ ಫೋನ್ ಮಾಡಿ ಕೇಳಿಯೇಬಿಟ್ಟ.

ಸೌಮ್ಯಾ ಹೇಳಿದಳು: “ಭಾನುವಾರ ಆ ಹೈವೇ ಲಾರಿಗಳ ಮಧ್ಯೆ ನೀವು ನೆಟ್ಟಗೆ ಮನೆಗೆ ಬರ್ಲಿ ಅಂತ. ಮಿಕ್ಕ ದಿನ ಏನೂ ಕೇಳಲ್ಲ.”

ಅಮರೇಶ ಪೂಜೆ ಮುಗಿಸಿ, ಎರಡು ಬಾಳೆಹಣ್ಣು ತಿಂದು ಸೈಕಲ್ ಎತ್ತಿದ. ಹದಿನೈದು ಕಿಲೋಮೀಟರು ಸುತ್ತಾದರೂ ಆಗಲಿ ಎಂದು, ಹೈವೇ ಬಿಟ್ಟು ಹಳ್ಳಿಗಳ ದಾರಿ ಹಿಡಿದು ಮನೆಗೆ ಹೊರಟ.